ರಾನಿ ಜೇಮ್ಸ್ ಡಿಯೋ ಹಾಡು ಕೇಳಿ ಬೆಳೆದ ನನ್ನ ವಾರಿಗೆಯವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ, ಗೆಳತಿಯರೇ,

ನಿಮ್ಮ ಹೆಸರು, ಊರು ನನಗೆ ಗೊತ್ತಿಲ್ಲ. ಆದರೆ ನೀವು ಇದ್ದೀರಿ ಅಂತ ಗೊತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ದಾವಣಗೆರೆ, ಸುರತ್ಕಲ್, ಹುಬ್ಬಳ್ಳಿಯ ಹಾಸ್ಟೆಲ್ ರೂಮುಗಳಲ್ಲಿ ಬಾಗಿಲು ಹಾಕಿಕೊಂಡು ಹೆವಿ ಮೆಟಲ್, ಅಂದರೆ ಗಿಟಾರ್ ಅಬ್ಬರದ ರಾಕ್ ಸಂಗೀತ, ಕೇಳಿದವರು ನೀವು. ಕಪ್ಪು ಟಿ-ಶರ್ಟ್ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿದರೂ ಬಿಡದೆ ಹಾಕಿಕೊಂಡವರು. ಈಗ ನಿಮಗೆ ನಲವತ್ತೈದೋ ಐವತ್ತೋ ಆಗಿರುತ್ತೆ. ಮಕ್ಕಳ ಫೀಸು, ಮನೆ ಸಾಲ, ವಯಸ್ಸಾದ ಅಪ್ಪ ಅಮ್ಮ ಅಂತ ಓಡಾಡುತ್ತಿರುತ್ತೀರಿ. ನಿಮ್ಮ ಹತ್ತಿರ ಒಂದು ವಿಷಯ ಹೇಳಬೇಕು. ಅದಕ್ಕೂ ಮೊದಲು ಅಮೆರಿಕದ ಮೆಟಲ್ ಗಾಯಕ ಡಿಯೋ ಬಗ್ಗೆ ಮಾತಾಡಬೇಕು. ಯಾಕೆಂದರೆ ಆ ವಿಷಯ ನನಗೆ ತಲೆಗೆ ಹೋಗಿದ್ದೇ ಅವನಿಂದ.

ಅವನು ಅಂತಲೇ ಬರೆಯುತ್ತೇನೆ. ನಮಗಿಂತ ಮೂವತ್ತು ವರ್ಷ ದೊಡ್ಡವನು, ನಿಜ. ಆದರೆ ಹಾಸ್ಟೆಲ್‌ನಲ್ಲಿ ನಾವು ಹಾಗೇ ಕರೆಯುತ್ತಿದ್ದೆವು. ನಮ್ಮಲ್ಲಿ ತುಂಬಾ ಬೇಕಾದವರನ್ನು, ದೇವರನ್ನು ಸಹ, ಏಕವಚನದಲ್ಲೇ ಕರೆಯೋದು ಅಲ್ವಾ?

ನಾನು ತಿಪಟೂರು ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. 1994ರಲ್ಲಿ ಇಂಜಿನಿಯರಿಂಗ್ ಓದೋಕೆ ಬೆಂಗಳೂರಿಗೆ ಬಂದೆ. ರೂಮ್‌ಮೇಟ್ ಹಾಸನದ ಹುಡುಗ. ಅವನ ಹತ್ತಿರ ಒಂದು ಟೂ-ಇನ್-ಒನ್ ಇತ್ತು, ಒಂದು ಶೂ ಡಬ್ಬಿ ತುಂಬಾ ಕ್ಯಾಸೆಟ್ ಇತ್ತು. ಎಲ್ಲವೂ ಯಾರದ್ದೋ ಕಾಪಿಯ ಕಾಪಿ. ಹಾಡಿಗಿಂತ ಮೊದಲು ಸುಂಯ್ ಅನ್ನುವ ಸದ್ದೇ ಕೇಳಿಸೋದು. ಒಂದರ ಮೇಲೆ ಬಾಲ್ ಪೆನ್ನಿನಲ್ಲಿ ಇಂಗ್ಲಿಷಿನ ಮೂರೇ ಅಕ್ಷರ ಬರೆದಿತ್ತು. ಡಿಯೋ. ಈಗ ಆ ಹೆಸರು ಹೇಳಿದರೆ ಜನ ಸ್ಕೂಟರ್ ಅಂದುಕೊಳ್ಳುತ್ತಾರೆ. ನಾನು ಆಗ ಅದನ್ನು ಖಾಲಿ ಕ್ಯಾಸೆಟ್ ಕಂಪನಿಯ ಹೆಸರು ಅಂದುಕೊಂಡಿದ್ದೆ.

ಒಂದು ರಾತ್ರಿ ಕರೆಂಟ್ ಹೋಗಿತ್ತು. ಅವನು ಸೆಲ್ ಹಾಕಿ ಆ ಕ್ಯಾಸೆಟ್ ಹಚ್ಚಿದ. ಗಿಟಾರ್ ಶುರುವಾಯಿತು. ಆಮೇಲೆ ದನಿ ಬಂತು. ನಾನು ಎದ್ದು ಕೂತೆ.

ಯಾಕೆ ಎದ್ದು ಕೂತೆ ಅಂತ ಹೇಳುತ್ತೇನೆ. ನಮ್ಮೂರಲ್ಲಿ ಹಬ್ಬದ ಹೊತ್ತಿಗೆ ಕುರುಕ್ಷೇತ್ರ ನಾಟಕ ಆಡುತ್ತಿದ್ದರು. ನಾಟಕದ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ತಿಂಗಳುಗಟ್ಟಲೆ ಕಲಿಸೋರು. ನಮ್ಮ ದೊಡ್ಡಪ್ಪ ದುರ್ಯೋಧನ. ಹಗಲು ತೆಂಗಿನಕಾಯಿ ಸುಲಿಯುವ ಮನುಷ್ಯ, ರಾತ್ರಿ ಎರಡು ಗಂಟೆಗೆ ಗದೆ ಹೆಗಲ ಮೇಲಿಟ್ಟುಕೊಂಡು ನಿಂತು ಹಾಡಿದರೆ ಪಕ್ಕದ ಊರಿನ ನಾಯಿಗಳು ಬೊಗಳೋವು. ಮೇಲಿನ ಸ್ವರ ಹಿಡಿದರೆ ಇಳಿಯುತ್ತಿರಲಿಲ್ಲ. ಕತ್ತಿನ ನರ ಉಬ್ಬೋದು, ಕಿರೀಟ ಅಲ್ಲಾಡೋದು, ದನಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಚಾಪೆ ಮೇಲೆ ಅಮ್ಮನ ತೊಡೆಗೊರಗಿ ನಿದ್ದೆಗಣ್ಣಲ್ಲಿ ಕೇಳಿದ ಆ ದನಿ ನನ್ನೊಳಗೆ ಎಲ್ಲೋ ಉಳಿದುಕೊಂಡಿತ್ತು. ಆ ರಾತ್ರಿ ಹಾಸ್ಟೆಲ್ ಕತ್ತಲಲ್ಲಿ ಅದೇ ದನಿ ಇಂಗ್ಲಿಷಿನಲ್ಲಿ ಬಂದಂತಾಯಿತು. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಇವನು ರಾಜ್ಯ ಕಳಕೊಂಡವನ ಪರವಾಗಿ ಹಾಡುತ್ತಿದ್ದಾನೆ ಅಂತ ಗೊತ್ತಾಯಿತು.

ಆಮೇಲೆ ಶುರುವಾಯಿತು ನನ್ನ ಹುಚ್ಚು. ಲ್ಯಾಬ್ ರೆಕಾರ್ಡಿನ ಕೊನೆ ಹಾಳೆಗಳಲ್ಲಿ ಹಾಡಿನ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಕಿವಿಗೆ ಹೇಗೆ ಬಿತ್ತೋ ಹಾಗೆ. ಅರ್ಧ ತಪ್ಪು. ರೂಮ್‌ಮೇಟ್ ಕೆಂಪು ಪೆನ್ನು ಹಿಡಿದು ಮೇಷ್ಟ್ರ ಥರ ತಿದ್ದುತ್ತಿದ್ದ. "ಲೋ, ಅದು ರೈನ್ ಅಲ್ಲ ಕಣೋ, ರೇನ್‌ಬೋ" ಅಂತ. ನಾನು ಇಂಗ್ಲಿಷ್ ಮಾತಾಡೋಕೆ ಕಲಿತಿದ್ದು ಕಾಲೇಜಿನ ಕ್ಲಾಸಲ್ಲಿ ಅಲ್ಲ, ಆ ಹಾಳೆಗಳಲ್ಲಿ. ಆ ರೆಕಾರ್ಡ್ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಅವನ ಕಥೆ ನಮಗೆ ಗೊತ್ತಾಗಿದ್ದು ಚೂರು ಚೂರಾಗಿ, ಆಮೇಲಿನ ವರ್ಷಗಳಲ್ಲಿ. ನಿಜವಾದ ಹೆಸರು ರೊನಾಲ್ಡ್ ಜೇಮ್ಸ್ ಪಡವೋನಾ. ಹುಟ್ಟಿದ್ದು 1942ರ ಜುಲೈ 10ರಂದು, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ. ಬೆಳೆದಿದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲ್ಯಾಂಡ್ ಅನ್ನುವ ಸಣ್ಣ ಊರಲ್ಲಿ. ಇಟಲಿ ಮೂಲದ ಮನೆ. ಐದು ವರ್ಷದ ಹುಡುಗನ ಕೈಗೆ ಅಪ್ಪ ಟ್ರಂಪೆಟ್ ಕೊಡಿಸಿದ. ದಿನಾ ಊದಲೇಬೇಕು. ಹಾಡೋಕೆ ಅವನು ಯಾರ ಹತ್ತಿರವೂ ಪಾಠ ಹೇಳಿಸಿಕೊಂಡವನಲ್ಲ. ಉಸಿರು ಹಿಡಿಯೋದು, ಬಿಡೋದು ಎಲ್ಲಾ ಆ ಟ್ರಂಪೆಟ್ ಕಲಿಸಿದ್ದು ಅಂತ ಅವನೇ ಹೇಳಿಕೊಂಡಿದ್ದಾನೆ. ಅವನ ಹಾಡನ್ನು ಕಣ್ಮುಚ್ಚಿ ಕೇಳಿ. ಉದ್ದನೆಯ ಸಾಲಿನ ಕೊನೆಗೆ ಬೇರೆ ಗಾಯಕರಿಗೆ ಉಸಿರು ಸಾಲದೆ ದನಿ ತೆಳ್ಳಗಾಗುತ್ತೆ. ಇವನದು ಅಲ್ಲೇ ಇನ್ನಷ್ಟು ದಪ್ಪ ಆಗುತ್ತೆ. ಅದು ಊದುವವನ ಉಸಿರು.

ಹೈಸ್ಕೂಲಿನಲ್ಲಿದ್ದಾಗಲೇ ತಂಡ ಕಟ್ಟಿದ್ದ. ಬಫಲೋ ವಿಶ್ವವಿದ್ಯಾಲಯದಲ್ಲಿ ಔಷಧಗಳ ಬಗ್ಗೆ ಓದೋಕೆ ಸೇರಿ, ಮುಗಿಸದೆ ಬಿಟ್ಟ. ಆಮೇಲೆ ಹದಿನೈದು ವರ್ಷ ಸಣ್ಣ ಸಣ್ಣ ಕ್ಲಬ್ಬುಗಳು. 1968ರಲ್ಲಿ ತಂಡದ ಗಾಡಿ ಅಪಘಾತವಾಗಿ ಗಿಟಾರ್ ನುಡಿಸುತ್ತಿದ್ದ ಗೆಳೆಯ ಸತ್ತುಹೋದ. ಆದರೂ ನಿಲ್ಲಿಸಲಿಲ್ಲ. ಡೀಪ್ ಪರ್ಪಲ್ ಅನ್ನುವ ಹೆಸರಾಂತ ರಾಕ್ ತಂಡದ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ 1975ರಲ್ಲಿ ಅವನನ್ನು ಕರೆದುಕೊಂಡು ರೇನ್‌ಬೋ ಅನ್ನುವ ತಂಡ ಕಟ್ಟಿದಾಗ ಡಿಯೋಗೆ 32 ದಾಟಿತ್ತು. ಇಪ್ಪತ್ತೈದಕ್ಕೇ ಹೆಸರು ಮಾಡದಿದ್ದರೆ ಮುಗೀತು ಅನ್ನುವ ಲೋಕ ಅದು. ಇವನ ಕೆಲಸ ಶುರುವಾಗಿದ್ದೇ ಅಲ್ಲಿಂದ.

ಮರುವರ್ಷ, 1976ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ ಆ ತಂಡದ ಎರಡನೇ ಆಲ್ಬಮ್ ರೆಕಾರ್ಡ್ ಆಯಿತು. ಅದರಲ್ಲಿ 'ಸ್ಟಾರ್‌ಗೇಜರ್' ಅಂತ ಎಂಟು ನಿಮಿಷ ದಾಟುವ ಹಾಡಿದೆ. ಹಿಂದೆ ದೊಡ್ಡ ಆರ್ಕೆಸ್ಟ್ರಾ. ಒಬ್ಬ ಮಾಯಾವಿ ಆಕಾಶಕ್ಕೆ ಹಾರಬೇಕು ಅಂತ ಗುಲಾಮರ ಕೈಲಿ ಕಲ್ಲಿನ ಗೋಪುರ ಕಟ್ಟಿಸುತ್ತಾನೆ. ಬಿಸಿಲಲ್ಲಿ, ಹಸಿವಲ್ಲಿ, ವರ್ಷಗಟ್ಟಲೆ ಕಟ್ಟುತ್ತಾರೆ. ಕೊನೆಗೆ ಅವನು ಮೇಲೆ ಹತ್ತಿ ಹಾರೋಕೆ ಹೋಗಿ ಬಿದ್ದು ಸಾಯುತ್ತಾನೆ. ಹಾಡು ಆ ಮಾಯಾವಿಯದಲ್ಲ. ಕಲ್ಲು ಹೊತ್ತವನದು. ಇದನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನ ನಾನು ಊಟಕ್ಕೆ ಹೋಗಲಿಲ್ಲ. ಹಾಡಿನ ಕೊನೆಯ ಎರಡು ನಿಮಿಷ ಅವನು ಮತ್ತೆ ಮತ್ತೆ ಕೂಗುತ್ತಾನಲ್ಲ, ಅಲ್ಲಿ ಪದ ಮುಗಿದು ಬರೀ ಸಂಕಟ ಉಳಿದಿರುತ್ತೆ. ಅವನ ಎಲ್ಲಾ ಹಾಡುಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ನೀವು ಬೇರೆ ಹೇಳಬಹುದು. ಆ ಜಗಳ ಹಾಸ್ಟೆಲ್‌ನಲ್ಲೇ ಮುಗಿದಿಲ್ಲ.

1979ರಲ್ಲಿ ಬ್ಲ್ಯಾಕ್ ಸಬ್ಬತ್ ಅನ್ನುವ ಮೆಟಲ್ ತಂಡ ಸೇರಿದ. ಮೊದಲಿನ ಗಾಯಕ ಆಝಿ ಆಸ್‌ಬರ್ನ್ ನಿಂತಿದ್ದ ಜಾಗ ಅದು. ಜನ ಇವನನ್ನು ಒಪ್ಪುತ್ತಾರಾ? ತಂಡದ ಗಿಟಾರಿಸ್ಟ್ ಟೋನಿ ಅಯೋಮಿ ಜೊತೆ ಲಾಸ್ ಏಂಜಲೀಸ್‌ನಲ್ಲಿ ಕೂತ ಮೊದಲ ದಿನವೇ ಒಂದು ಇಡೀ ಹಾಡು ಮುಗಿಸಿದ್ದರು ಅಂತ ಇಬ್ಬರೂ ಹೇಳಿದ್ದಾರೆ. 1980ರ ಏಪ್ರಿಲ್‌ನಲ್ಲಿ 'ಹೆವನ್ ಅಂಡ್ ಹೆಲ್' ಆಲ್ಬಮ್ ಬಂತು. ಕೇಳಿದವರಿಗೆ ಉತ್ತರ ಸಿಕ್ಕಿತು.

ಆ ದಿನಗಳಲ್ಲೇ ಅವನು ಆ ಕೈ ಸನ್ನೆ ಶುರು ಮಾಡಿದ್ದು. ತೋರುಬೆರಳು, ಕಿರುಬೆರಳು ಮೇಲೆ, ಉಳಿದದ್ದು ಮಡಚಿ. ಈಗ ಮದುವೆ ಮನೆಯ ಫೋಟೋದಲ್ಲೂ ಹುಡುಗರು ಅದನ್ನೇ ಹಿಡಿದು ನಿಲ್ಲುತ್ತಾರೆ. ಅದನ್ನು ನೋಡಿ ಸೈತಾನನ ಗುರುತು ಅಂತ ಬೈದವರು ಎಷ್ಟೋ ಜನ. ನಿಜ ಬೇರೆ. ಅದು ಅವನ ಅಜ್ಜಿಯದು. ಇಟಲಿಯಿಂದ ಬಂದ ಆ ಅಜ್ಜಿ ದಾರೀಲಿ ಕೆಟ್ಟ ಕಣ್ಣು ಬಿತ್ತು ಅನಿಸಿದರೆ ಹಾಗೆ ಬೆರಳು ಮಾಡಿ ದೃಷ್ಟಿ ತೆಗೆಯುತ್ತಿದ್ದಳು. ಮೊಮ್ಮಗ ಅವಳ ಕೈ ಹಿಡಿದು ನಡೆಯುತ್ತಾ ನೋಡಿದ್ದ. ನಾನೇ ಕಂಡುಹಿಡಿದೆ ಅಂತ ಅವನು ಯಾವತ್ತೂ ಹೇಳಲಿಲ್ಲ, ಬೇರೆಯವರೂ ಮೊದಲೇ ಮಾಡಿರಬಹುದು ಅಂತಲೇ ಹೇಳುತ್ತಿದ್ದ.

ಇದನ್ನು ಓದಿದ ದಿನ ನನಗೆ ನಮ್ಮಜ್ಜಿ ನೆನಪಾದಳು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿ ತೆಗೆದು ಒಲೆಗೆ ಹಾಕೋಳು. ಘಾಟು ಬರದಿದ್ದರೆ "ನೋಡು, ಎಷ್ಟು ದೃಷ್ಟಿ ಆಗಿತ್ತು" ಅನ್ನೋಳು. ಕೋರ್ಟ್‌ಲ್ಯಾಂಡಿನ ಅಜ್ಜಿಯೂ ತಿಪಟೂರಿನ ಅಜ್ಜಿಯೂ ಒಂದೇ ಕೆಲಸ ಮಾಡುತ್ತಿದ್ದರು. ಸಾವಿರಾರು ಜನರ ಮುಂದೆ ಅವನು ಆ ಕೈ ಎತ್ತಿದಾಗಲೆಲ್ಲ ಎಲ್ಲರ ದೃಷ್ಟಿ ತೆಗೆಯುತ್ತಿದ್ದಾನೆ ಅಂತಲೇ ನನಗೆ ಅನಿಸೋದು.

ಅವನ ಸ್ವಂತ ತಂಡದ ಮೊದಲ ಆಲ್ಬಮ್ ಬಂದಿದ್ದು 1983ರ ಮೇನಲ್ಲಿ. ನಮ್ಮ ಹಾಸ್ಟೆಲ್ ಕ್ಯಾಸೆಟ್ ಅದರದೇ ಕಾಪಿ. ಅದರ ಕೊನೆಯಿಂದ ಎರಡನೇ ಹಾಡು 'ರೇನ್‌ಬೋ ಇನ್ ದ ಡಾರ್ಕ್' ಕೀಬೋರ್ಡಿನ ಸಣ್ಣ ರಾಗದಿಂದ ಶುರುವಾಗುತ್ತೆ, ನಿಮಗೆ ಗೊತ್ತು. ಅದು ರೆಕಾರ್ಡ್ ಆದಾಗ ಡಿಯೋಗೆ ಇಷ್ಟವಾಗಲಿಲ್ಲ. ತುಂಬಾ ಪಾಪ್ ಆಯಿತು ಅಂತ ಬ್ಲೇಡ್ ತಗೊಂಡು ಟೇಪ್ ಕತ್ತರಿಸಲು ಹೊರಟಿದ್ದ. ಜೊತೆಗಿದ್ದವರು ಹಿಡಿದು ನಿಲ್ಲಿಸಿದರು. ಅವನ ಹಾಡುಗಳಲ್ಲಿ ಜನ ಅತಿ ಹೆಚ್ಚು ನೆನಪಿಟ್ಟುಕೊಂಡಿದ್ದರಲ್ಲಿ ಅದೂ ಒಂದು. ನನ್ನ ರೂಮ್‌ಮೇಟ್ "ರೇನ್‌ಬೋ ಕಣೋ" ಅಂತ ತಿದ್ದಿದ್ದೂ ಅದೇ ಹಾಡಿನ ಸಾಲನ್ನು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1985ರಲ್ಲಿ ಆಫ್ರಿಕಾದ ಬರಕ್ಕೆ ಹಣ ಕೂಡಿಸೋಕೆ ಅಮೆರಿಕದ ದೊಡ್ಡ ಗಾಯಕರೆಲ್ಲ ಸೇರಿ ಹಾಡಿದರು. ಅದರಲ್ಲಿ ಮೆಟಲ್‌ನವರು ಇರಲಿಲ್ಲ. ಡಿಯೋ ತಂಡದ ಜಿಮ್ಮಿ ಬೇನ್, ವಿವಿಯನ್ ಕ್ಯಾಂಪ್‌ಬೆಲ್ ಇಬ್ಬರಿಗೂ ನಾವ್ಯಾಕೆ ಮಾಡಬಾರದು ಅನಿಸಿತು. ಡಿಯೋ ಹೆಗಲು ಕೊಟ್ಟ. ಆ ವರ್ಷ ಮೇನಲ್ಲಿ 40 ಜನ ಮೆಟಲ್ ಕಲಾವಿದರನ್ನು ಹಾಲಿವುಡ್‌ನ ಒಂದು ಸ್ಟುಡಿಯೋದಲ್ಲಿ ಕೂಡಿಸಿ ಹಾಡಿಸಿದ. ಮನೆ ಬಿಟ್ಟು ಬೀದಿಗೆ ಬಿದ್ದ ಮಕ್ಕಳಿಗಾಗಿ ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರ ಬೆನ್ನಿಗೂ ಅವನು ವರ್ಷಗಟ್ಟಲೆ ನಿಂತಿದ್ದ. ಅವನನ್ನು ಕಂಡವರೆಲ್ಲ ಹೇಳುವ ಮಾತು ಒಂದೇ. ಶೋ ಮುಗಿದ ಮೇಲೆ ಕಾದು ನಿಂತ ಅಭಿಮಾನಿಗಳನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ, ಹೆಸರು ನೆನಪಿಟ್ಟುಕೊಂಡು ಮಾತಾಡಿಸುತ್ತಿದ್ದ.

2006ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡವನ್ನು ದೊಡ್ಡ ರಾಕ್ ಕಲಾವಿದರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಾಗ ಮೊದಲಿನ ನಾಲ್ಕು ಜನರನ್ನಷ್ಟೇ ಕರೆದರು. ಡಿಯೋ ಹೆಸರಿರಲಿಲ್ಲ. ಅದು ಅನ್ಯಾಯ. ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಅದೇ ವರ್ಷ ಅಯೋಮಿ, ಗೀಜರ್ ಬಟ್ಲರ್, ವಿನ್ನಿ ಅಪೀಸ್, ಡಿಯೋ ಮತ್ತೆ ಒಂದಾದರು. ತಂಡಕ್ಕೆ ಹಳೇ ಆಲ್ಬಮ್ಮಿನ ಹೆಸರನ್ನೇ ಇಟ್ಟರು, ಹೆವನ್ ಅಂಡ್ ಹೆಲ್. ಹಾಗಾಗಿ ನನಗೆ ಅವನನ್ನು ಕಣ್ಣಾರೆ ನೋಡುವ ಅದೃಷ್ಟ ಸಿಕ್ಕಿತು.

ಆಗ ನಾನು ಕಂಪನಿ ಕೆಲಸದ ಮೇಲೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. 2009ರ ಆಗಸ್ಟ್ 29, ಶನಿವಾರ. ಅಟ್ಲಾಂಟಿಕ್ ಸಿಟಿಯ ಹೌಸ್ ಆಫ್ ಬ್ಲೂಸ್‌ನಲ್ಲಿ ಶೋ. ಒಬ್ಬನೇ ಕಾರು ಹತ್ತಿಕೊಂಡು ಹೋದೆ. ದಾರಿಯುದ್ದಕ್ಕೂ ಏನೂ ಹಾಕಲಿಲ್ಲ. ಕಿವಿ ಖಾಲಿ ಇಟ್ಟುಕೊಂಡು ಹೋಗಬೇಕು ಅನಿಸಿತ್ತು.

ದೊಡ್ಡ ಮೈದಾನವಲ್ಲ ಅದು, ಒಂದು ಹಾಲ್. ಅವನು ಸ್ಟೇಜಿಗೆ ಬಂದಾಗ ಮೊದಲು ಅನಿಸಿದ್ದು, ಅಯ್ಯೋ ಎಷ್ಟು ಕುಳ್ಳಗಿದ್ದಾನೆ ಅಂತ. ನಮ್ಮ ದೊಡ್ಡಪ್ಪನಿಗಿಂತ ಕುಳ್ಳ. 67 ವರ್ಷ. ಬಾಯಿ ತೆಗೆದ. ಆಮೇಲೆ ಅವನ ಎತ್ತರ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕ್ಯಾಸೆಟ್ಟಿನಲ್ಲಿ ಕೇಳಿದ ದನಿ ಅದೇ, ಸುಂಯ್ ಸದ್ದು ಮಾತ್ರ ಇರಲಿಲ್ಲ. ಎಡಗಡೆ ಬಂದು ಅಲ್ಲಿನವರ ಕಣ್ಣಲ್ಲಿ ಕಣ್ಣಿಟ್ಟು ಹಾಡಿದ. ಬಲಗಡೆ ಹೋಗಿ ಅಲ್ಲಿನವರಿಗೆ ಹಾಡಿದ. ಯಾರನ್ನೂ ಬಿಡಲಿಲ್ಲ.

'ಹೆವನ್ ಅಂಡ್ ಹೆಲ್' ಹಾಡು ಶುರುವಾದಾಗ ನನಗೆ ತಡೆಯಲಾಗಲಿಲ್ಲ. ಜೇಬಲ್ಲಿ ಕಾಲಿಂಗ್ ಕಾರ್ಡ್ ಇತ್ತು. ಮೈಸೂರಿಗೆ ಫೋನ್ ಹಚ್ಚಿದೆ. ನನ್ನ ರೂಮ್‌ಮೇಟ್ ಆ ಹೊತ್ತಿಗೆ ಮೈಸೂರಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದ. ಅಲ್ಲಿ ಭಾನುವಾರ ಬೆಳಗ್ಗೆ. ಅವನು ಹಲೋ ಅಂದ. ನಾನು ಏನೂ ಹೇಳದೆ ಫೋನನ್ನು ತಲೆ ಮೇಲೆ ಎತ್ತಿ ಹಿಡಿದೆ. ಹನ್ನೊಂದು ನಿಮಿಷ ಹಿಡಿದಿದ್ದೆ. ಕಾರ್ಡಿನ ದುಡ್ಡು ಮುಗಿದು ಕಟ್ ಆಯಿತು. ಆಮೇಲೆ ಅವನು ಹೇಳಿದ, "ಹಾಡು ಏನೂ ಕೇಳಿಸಲಿಲ್ಲ ಮಗಾ. ಬರೀ ಗೊರಗೊರ. ಆದ್ರೂ ಇಡೋಕೆ ಮನಸ್ಸಾಗಲಿಲ್ಲ."

ಅದೇ ಅವನ ಕೊನೆಯ ಶೋ ಅಂತ ಆ ಹಾಲಿನಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ನವೆಂಬರ್ ಕೊನೆಗೆ ಸುದ್ದಿ ಬಂತು. ಹೊಟ್ಟೆಯ ಕ್ಯಾನ್ಸರ್. ಹ್ಯೂಸ್ಟನ್‌ಗೆ ಹೋಗಿ ಬಂದು ಕೀಮೋ ತೆಗೆದುಕೊಳ್ಳುತ್ತಿದ್ದ. 2010ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದು ಪ್ರಶಸ್ತಿ ಸಮಾರಂಭಕ್ಕೆ ಬಂದು ಅತ್ಯುತ್ತಮ ಗಾಯಕ ಪ್ರಶಸ್ತಿ ತಗೊಂಡ. ಫೋಟೋದಲ್ಲಿ ತುಂಬಾ ಸೊರಗಿದ್ದ. ಮೇ 16ರ ಭಾನುವಾರ ಬೆಳಗ್ಗೆ 7:45ಕ್ಕೆ ತೀರಿಕೊಂಡ. ನಾನು ದೋಸೆ ಹುಯ್ಯುತ್ತಿದ್ದೆ. ಫೋನ್ ನೋಡಿ ಗ್ಯಾಸ್ ಆರಿಸಿ ಸುಮ್ನೆ ನಿಂತೆ. ಕಾವಲಿ ಮೇಲಿನ ದೋಸೆ ಅಲ್ಲೇ ಒಣಗಿಹೋಯಿತು.

ಅವನ ಸಾರ್ವಜನಿಕ ಶ್ರದ್ಧಾಂಜಲಿ ಸಭೆಯ ಹೊರಗೆ, ಅವನು ಸೈತಾನನ ಕಡೆಯವನು ಅಂತ ಬೋರ್ಡು ಹಿಡಿದು ನಿಲ್ಲಲು ಒಂದು ಗುಂಪು ಬಂತು. ಅವರಿಗೆ ಎದುರು ಮಾತಾಡಬೇಡಿ, ರಾನಿಗೆ ದ್ವೇಷ ಹಿಡಿಸುತ್ತಿರಲಿಲ್ಲ ಅಂತ ಹೆಂಡತಿ ವೆಂಡಿ ಅಭಿಮಾನಿಗಳನ್ನು ಕೇಳಿಕೊಂಡರು. ಅದೇ ವರ್ಷ ಬಲ್ಗೇರಿಯಾದ ಕವರ್ನಾ ಅನ್ನುವ ಕಡಲ ಊರಿನವರು ಅವನ ಪ್ರತಿಮೆ ನಿಲ್ಲಿಸಿದರು. ಕೋರ್ಟ್‌ಲ್ಯಾಂಡಿನಲ್ಲಿ ಅವನ ಹೆಸರಿನ ರಸ್ತೆ ಅವನು ಬದುಕಿದ್ದಾಗಲೇ ಇತ್ತು.

ಈಗ ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ.

ಡಿಯೋಗೆ ಹೊಟ್ಟೆಯ ತೊಂದರೆ ಅವತ್ತು ಇವತ್ತಿನದಾಗಿರಲಿಲ್ಲ. ವರ್ಷಗಟ್ಟಲೆ ಅಜೀರ್ಣ, ಉರಿ ಅಂತ ಇತ್ತು. ಅಂಗಡಿಯಲ್ಲಿ ಸಿಗುವ ಆಸಿಡಿಟಿ ಮಾತ್ರೆ ತಿಂದು ಟೂರ್ ಮಾಡುತ್ತಿದ್ದ. ಅವನು ಹೋದ ಮೇಲೆ ವೆಂಡಿ ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ಅವನ ಹೆಸರಲ್ಲಿ ಕ್ಯಾನ್ಸರ್ ನಿಧಿ ಶುರು ಮಾಡಿ, ಬೇಗ ಪತ್ತೆ ಹಚ್ಚಿದರೆ ಜೀವ ಉಳಿಯುತ್ತೆ ಅಂತ ಊರೂರಲ್ಲಿ ಹೇಳುತ್ತಾ ಬಂದಿದ್ದಾರೆ. ಬೈಕ್ ಓಡಿಸುವ, ಬೌಲಿಂಗ್ ಆಡುವ ಕಾರ್ಯಕ್ರಮ ಇಟ್ಟು ಹಣ ಕೂಡಿಸುತ್ತಾರೆ.

ನಮ್ಮಲ್ಲಿ ಇದಕ್ಕೆ ಒಂದು ಹೆಸರಿದೆ. ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ಊಟ ಸೇರದಿದ್ದರೆ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿಗೆ ಹೋಗಿ "ಗ್ಯಾಸ್ಟ್ರಿಕ್‌ಗೆ ಒಂದು ಕೊಡಿ" ಅಂದರೆ ಕೊಡುತ್ತಾರೆ. ಜೀರಿಗೆ ಸೋಡಾ ಕುಡಿದು, ತೇಗಿ, "ಹಾಂ, ಈಗ ಪರವಾಗಿಲ್ಲ" ಅಂತ ಕೆಲಸಕ್ಕೆ ಹೋಗುತ್ತೇವೆ. ಡಿಯೋ ಮಾಡಿದ್ದೂ ಅದನ್ನೇ. ಒಂದು ಕಾಲಕ್ಕೆ ಔಷಧಗಳ ಬಗ್ಗೆ ಓದೋಕೆ ಕಾಲೇಜಿಗೆ ಸೇರಿದ್ದವನು ಅವನು.

2017ರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ವರ್ಷ ಆಗಿತ್ತು. ಒಂದು ಭಾನುವಾರ ಮೈಸೂರಿಗೆ ರೂಮ್‌ಮೇಟ್ ಮನೆಗೆ ಹೋದೆ. ಮಟನ್ ಪಲಾವ್ ಮಾಡಿದ್ದರು. ಹಾಸ್ಟೆಲ್‌ನಲ್ಲಿ ಮೂರು ತಟ್ಟೆ ಹೊಡೆಯುತ್ತಿದ್ದವನು ನಾಲ್ಕು ತುತ್ತು ತಿಂದು ತಟ್ಟೆ ದೂರ ಇಟ್ಟ. "ಹೊಟ್ಟೆ ತುಂಬ್ತು ಕಣೋ. ಗ್ಯಾಸ್ಟ್ರಿಕ್ಕು." ಕೈ ತೊಳೆಯೋಕೆ ಎದ್ದಾಗ ಅವನ ಬೆಲ್ಟ್ ನೋಡಿದೆ. ಕಂಪನಿ ಹಾಕಿದ ತೂತುಗಳು ಮುಗಿದು, ಆಮೇಲೆ ಮೊಳೆಯಿಂದ ಹೊಡೆದ ಎರಡು ತೂತು ಇತ್ತು. ಬೆಲ್ಟಿನ ಬಾಲ ಸೊಂಟದ ಪಕ್ಕ ನೇತಾಡುತ್ತಿತ್ತು. ಎಷ್ಟು ದಿನದಿಂದ ಅಂತ ಕೇಳಿದೆ. ಎಂಟು ತಿಂಗಳು. ಅಂಗಡಿಯ ಡ್ರಾಯರ್‌ನಲ್ಲಿ ಫ್ಯೂಸ್ ವೈರಿನ ಪಕ್ಕ ಮಾತ್ರೆ ಸ್ಟ್ರಿಪ್ಪುಗಳು, ಗುಲಾಬಿ ಬಣ್ಣದ ಸಿರಪ್ ಬಾಟಲಿ.

"ಡಿಯೋಗೂ ಹೀಗೇ ಶುರುವಾಗಿದ್ದು ಕಣೋ" ಅಂದೆ. ಬೇರೆ ಏನು ಹೇಳಿದ್ದರೂ ಅವನು ನಕ್ಕು ಬಿಡುತ್ತಿದ್ದ. ಆ ಹೆಸರು ಕೇಳಿ ಸುಮ್ಮನಾದ. ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆವು. ಎಂಡೋಸ್ಕೋಪಿ ಬರೆದುಕೊಟ್ಟರು. ಅದಕ್ಕೆ ಹೆದರುವವರಿಗೆ ಹೇಳುತ್ತೇನೆ, ಹೊರಗೆ ಬೆಂಚಿನ ಮೇಲೆ ಕೂತು ನಾನು ಗಡಿಯಾರ ನೋಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಂಟಲಿಗೆ ಮರಗಟ್ಟುವ ಔಷಧ ಸ್ಪ್ರೇ ಮಾಡುತ್ತಾರೆ. ಎಡಗಡೆ ಮಗ್ಗುಲಾಗಿ ಮಲಗಿಸಿ, ಬಾಯಿಂದ ಸಣ್ಣ ಕೊಳವೆ ಬಿಟ್ಟು ಕ್ಯಾಮೆರಾದಲ್ಲಿ ನೋಡುತ್ತಾರೆ. ಅವನು ಹೊರಗೆ ಬಂದಾಗ ಹತ್ತು ನಿಮಿಷ ಕಳೆದಿರಲಿಲ್ಲ. ಕಣ್ಣಲ್ಲಿ ನೀರಿತ್ತು, ವಾಕರಿಕೆ ಬಂದಿತ್ತು ಅಂದ. ಅಷ್ಟೇ.

ಒಳಗೆ ಹುಣ್ಣಿನಂತೆ ಕಂಡ ಜಾಗದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವಾರದ ಮೇಲೆ ರಿಪೋರ್ಟ್ ಬಂತು. ಅವನ ಹೆಂಡತಿ ನಮಗಿಂತ ಮೊದಲು ಕವರ್ ತೆರೆದು ಓದಿದರು. ಮುಖ ಅರಳಿತು. "ನೋಡಿ ಅಣ್ಣ, ಸುಮ್ನೆ ಹೆದರಿಸಿದ್ರಿ. ಗ್ಯಾಸ್ಟ್ರಿಕ್ ಅಂತಲೇ ಬರೆದಿದ್ದಾರೆ" ಅಂದರು. ನಾನು ಕೈಚಾಚಿ ಹಾಳೆ ಇಸಕೊಂಡೆ. ಗ್ಯಾಸ್ಟ್ರಿಕ್ ಅನ್ನುವ ಪದ ಇತ್ತು. ಅದರ ಪಕ್ಕದಲ್ಲೇ ಇನ್ನೊಂದು ಪದ ಇತ್ತು. ಹೊಟ್ಟೆಯ ಕ್ಯಾನ್ಸರಿಗೆ ಡಾಕ್ಟರು ಕರೆಯುವ ಹೆಸರೂ ಗ್ಯಾಸ್ಟ್ರಿಕ್ ಅಂತಲೇ ಶುರುವಾಗುತ್ತೆ. ಆ ಎರಡನೇ ಪದವನ್ನು ಆಕೆಗೆ ಓದಿ ಹೇಳಿದವನು ನಾನು. ಆ ಮಧ್ಯಾಹ್ನವನ್ನು ನಾನು ಯಾರಿಗೂ ಬಯಸುವುದಿಲ್ಲ.

ಮೊದಲು ಕೀಮೋ, ಆಮೇಲೆ ಆಪರೇಷನ್, ಆಮೇಲೆ ಮತ್ತೆ ಕೀಮೋ. ಹೊಟ್ಟೆಯ ಅರ್ಧಕ್ಕಿಂತ ಜಾಸ್ತಿ ಭಾಗ ತೆಗೆದರು. ಇನ್ನೂ ಹರಡಿರಲಿಲ್ಲ. ಇನ್ನೊಂದು ಆರು ತಿಂಗಳು ಸಿರಪ್ ಕುಡಿದುಕೊಂಡು ಇದ್ದಿದ್ದರೆ ಕಷ್ಟ ಇತ್ತು ಅಂತ ಡಾಕ್ಟರು ಹೇಳಿದರು. ಅವನು ಬದುಕಿದ್ದಾನೆ. ಅಂಗಡಿಗೆ ಹೋಗುತ್ತಾನೆ. ಮಗಳ ಮದುವೆ ಮಾಡಿದ.

ಗೆಳೆಯರೇ, ನಿಮ್ಮ ಡ್ರಾಯರ್ ತೆಗೆದು ನೋಡಿ. ಆ ಮಾತ್ರೆ ಎಷ್ಟು ದಿನದಿಂದ ಇದೆ? ವಾರಗಟ್ಟಲೆ ಹೊಟ್ಟೆನೋವೋ ಉರಿಯೋ ಬಿಡದಿದ್ದರೆ, ಸ್ವಲ್ಪ ತಿಂದರೂ ತುಂಬಿದಂತಾಗುತ್ತಿದ್ದರೆ, ಪ್ರಯತ್ನ ಪಡದೆ ತೂಕ ಇಳಿಯುತ್ತಿದ್ದರೆ, ನುಂಗೋಕೆ ಕಷ್ಟ ಆಗುತ್ತಿದ್ದರೆ, ಮಲ ಡಾಂಬರಿನ ಥರ ಕಪ್ಪಗೆ ಹೋಗುತ್ತಿದ್ದರೆ ಮೆಡಿಕಲ್ ಶಾಪಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಎಷ್ಟು ತಿಂಗಳಿಂದ, ಏನೇನು ಮಾತ್ರೆ ತಿಂದಿರಿ ಅಂತ ಮುಚ್ಚಿಡದೆ ಹೇಳಿ. ಎಂಡೋಸ್ಕೋಪಿ ಬೇಕಾ ಅಂತ ಬಾಯಿಬಿಟ್ಟು ಕೇಳಿ. ನಿಮ್ಮಲ್ಲಿ ಬಹಳ ಜನಕ್ಕೆ ಏನೂ ಇರುವುದಿಲ್ಲ. ಬರೀ ಆಸಿಡಿಟಿ ಇರಬಹುದು. ಹುಣ್ಣು ಇರಬಹುದು, ಇಲ್ಲಾ ಹೊಟ್ಟೆಯಲ್ಲಿ ಮನೆ ಮಾಡುವ ಹೆಲಿಕೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದನ್ನು ಮಾತ್ರೆಯಿಂದಲೇ ಹೋಗಲಾಡಿಸುತ್ತಾರೆ, ಮತ್ತು ಹಾಗೆ ಹೋಗಲಾಡಿಸಿದರೆ ಮುಂದೆ ಕ್ಯಾನ್ಸರ್ ಆಗುವ ಸಾಧ್ಯತೆಯೂ ಕಮ್ಮಿಯಾಗುತ್ತೆ. ಏನೂ ಇಲ್ಲ ಅಂತ ಗೊತ್ತಾದರೆ ಆ ರಾತ್ರಿ ಜೋರಾಗಿ ಹಾಡು ಹಾಕಿಕೊಳ್ಳಿ. ನಿಮ್ಮ ಹಳೇ ರೂಮ್‌ಮೇಟ್‌ಗೂ ಒಂದು ಫೋನ್ ಮಾಡಿ. ಊಟ ಸರಿಯಾಗಿ ಸೇರ್ತಿದೆಯಾ ಅಂತ ಕೇಳಿ. ಗಂಡಸರು ಗಂಡಸರನ್ನು ಇದನ್ನು ಕೇ‍ಳೋದೇ ಇಲ್ಲ.

ಪ್ರತಿ ವರ್ಷ ಮೇ 16ಕ್ಕೆ ನಾನು ಮೈಸೂರಿಗೆ ಹೋಗುತ್ತೇನೆ. ಸಂಜೆ ಅವನು ಅಂಗಡಿಯ ಶಟರ್ ಅರ್ಧ ಇಳಿಸುತ್ತಾನೆ. ಹಾಸ್ಟೆಲಿನ ಅದೇ ಟೂ-ಇನ್-ಒನ್ ಅವನ ಹತ್ತಿರ ಇದೆ. ಬೆಲ್ಟ್, ಮೋಟಾರು ಎಲ್ಲಾ ಬದಲಿಸಿ ಅವನೇ ರಿಪೇರಿ ಮಾಡಿ ಇಟ್ಟುಕೊಂಡಿದ್ದಾನೆ. ಕ್ಯಾಸೆಟ್ಟೂ ಅದೇ. ಅವನ ಹೆಂಡತಿ ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಎರಡು ಇಡ್ಲಿ ಕಳಿಸಿರುತ್ತಾರೆ. ಈಗ ಅವನಿಗೆ ಒಂದು ಸಲಕ್ಕೆ ಅಷ್ಟೇ ಹಿಡಿಸೋದು, ದಿನಕ್ಕೆ ಆರು ಸಲ ತಿನ್ನಬೇಕು. ಕ್ಯಾಸೆಟ್ಟಿನ ಒಂದು ಪಕ್ಕ ಮುಗಿಯುವಷ್ಟರಲ್ಲಿ ನಿಧಾನಕ್ಕೆ ಅಗಿದು ಅಗಿದು ತಿನ್ನುತ್ತಾನೆ.

ಆ ಕೀಬೋರ್ಡ್ ಹಾಡಿನ ನಡುವೆ ಒಂದು ಕಡೆ ಟೇಪ್ ಸುಕ್ಕಾಗಿದೆ. 1995ರಲ್ಲಿ ಸಿಕ್ಕಿಹಾಕಿಕೊಂಡಿತ್ತು, ನಾನೇ ಬಿಡಿಸಿದ್ದು. ಅಲ್ಲಿ ಡಿಯೋ ದನಿ ಎರಡು ಸೆಕೆಂಡು ನೀರಲ್ಲಿ ಮುಳುಗಿ ಎದ್ದಂತೆ ಎಳೆಯುತ್ತೆ. ಆ ಜಾಗ ಬಂದಾಗ ಅವನು ಇಡ್ಲಿ ಕೆಳಗಿಟ್ಟು, ಡಿಯೋ ಜೊತೆ ತಾನೂ ದನಿ ಎಳೆದೇ ಹಾಡುತ್ತಾನೆ.

ನಿಮ್ಮವನೇ,
ತಿಪಟೂರು ಕಡೆಯ ಒಬ್ಬ ಅಭಿಮಾನಿ